ಉಬ್ಬರದ ಲೆಕ್ಕ, ಹೊಳೆಯ ಲಹರಿ

ಶಿರಸಿ ಪೇಟೆಯ ಗದ್ದಲದ ನಡುವೆಯೇ ಶಂಕರಹೊಂಡವಿದೆ. ಅಲ್ಲಿ ಹುಟ್ಟುವ ತೊರೆ ಮಂಜುಗುಣಿ ಕಡೆಯಿಂದ ಬರುವ ಇನ್ನೊಂದು ತೊರೆಯನ್ನು ಕೂಡಿಕೊಂಡು ಅಘನಾಶಿನಿ ಎನಿಸಿಕೊಳ್ಳುತ್ತದೆ. ಸುಮಾರು 120 ಕಿಲೋಮೀಟರ್ ಹರಿದು, ಘಟ್ಟ ಇಳಿದು, ಕುಮಟಾ ತಾಲ್ಲೂಕಿನ ಅಘನಾಶಿನಿ ಮತ್ತು ತದಡಿ ಎಂಬ ಎದುರುಬದುರು ಊರುಗಳ ನಡುವೆ ಅರಬ್ಬೀ ಸಮುದ್ರ ಸೇರುತ್ತದೆ. ಬಡಗಣದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ತೆಂಕಣ ನೆರೆಯ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ. ಇವೆರಡರ ನಡುವೆ ಹರಿಯುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಘಟ್ಟದ ಮೇಲೆ ಸುರಿದ ಮಳೆ ಯಾರ ಅಪ್ಪಣೆಗೂ ಕಾಯದೆ ಕಡಲಿನತ್ತ ಹೊರಡುತ್ತದೆ.

ಈ ಹೊಳೆಯನ್ನು ಹುಟ್ಟಿನಿಂದ ಅಳಿವೆಯವರೆಗೆ ನೋಡಬೇಕೆಂಬ ಆಸೆ ನನ್ನಲ್ಲಿ ಬಹಳ ದಿನಗಳಿಂದ ಬೆಳೆದಿತ್ತು. ಅದರ ಹಿಂದೆ ಒಂದು ಪ್ರಶ್ನೆಯೂ ಇತ್ತು. ಲಕ್ಷಾಂತರ ಜೀವಿಗಳು ಒಂದನ್ನೊಂದು ತಿಂದು, ತಳ್ಳಿ, ಆತು ಬದುಕುವ ಕಡೆ ಕ್ರಮ ಎಂಬುದು ಎಲ್ಲಿಂದ ಬರುತ್ತದೆ? ಅಲ್ಲಿನ ಕ್ಷೋಭೆ ಆ ಕ್ರಮವನ್ನು ಯಾಕೆ ಮುರಿದುಹಾಕುವುದಿಲ್ಲ? ಪುಸ್ತಕಗಳಲ್ಲಿ ಇದಕ್ಕೆ ಸಮೀಕರಣಗಳಿವೆ. ನನಗೆ ನೀರಿನಲ್ಲಿ ನೋಡಬೇಕಿತ್ತು. ದೀಪಾವಳಿಯ ಅಮಾವಾಸ್ಯೆಗೆ ಅಳಿವೆಯಲ್ಲಿ ಉಬ್ಬರ ಜೋರು, ಗಜನಿ ಗದ್ದೆಗಳಲ್ಲಿ ಕೊಯ್ಲಿನ ಹೊತ್ತು. ಅದೇ ಸಮಯ ನೋಡಿ ಹೊರಟೆ.

ಸಿದ್ದಾಪುರದ ಕಾಡಿನೊಳಗೆ ಉಂಚಳ್ಳಿ ಜಲಪಾತವಿದೆ. ಹೊಳೆ ಇಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಪಕ್ಕದವರ ಮಾತು ಕೇಳದಷ್ಟು ಭೋರ್ಗರೆತ, ಅದಕ್ಕೇ ಊರವರು ಇದನ್ನು ಕೆಪ್ಪ ಜೋಗ ಎನ್ನುತ್ತಾರೆ. ಸಿಂಗಳೀಕಗಳ ಈ ಕಾಡನ್ನು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಲಾಯಿತು. ಮರಗಳ ನಡುವಿನ ಇಳಿಜಾರಿನಲ್ಲಿ ನಡೆಯುತ್ತಿರುವಾಗ ಸದ್ದು ಮೊದಲು ನೆಲದಿಂದ ಅಂಗಾಲಿಗೆ ಬರುತ್ತದೆ, ಆಮೇಲೆ ಕಿವಿಗೆ. ಕಟ್ಟೆಯ ಬಳಿ ಬಂದು ನಿಂತರೆ ಎದುರಿಗೆ ಬಿಳಿಯ ಗೋಡೆ.

ಆ ಗೋಡೆಯಲ್ಲಿ ಒಂದು ಹನಿಯನ್ನಾದರೂ ಕಣ್ಣಿನಿಂದ ಹಿಂಬಾಲಿಸಲು ನೋಡಿದೆ. ಆಗುವುದಿಲ್ಲ. ಅಂಚಿನಲ್ಲಿ ಜೊತೆಯಾಗಿದ್ದ ಎರಡು ಹನಿಗಳು ಅರ್ಧ ದಾರಿಯಲ್ಲಿ ಬೇರೆಯಾಗಿ, ಒಂದು ಬಂಡೆಗೆ ಬಡಿದು ಹುಡಿಯಾಗುತ್ತದೆ, ಇನ್ನೊಂದು ಗಾಳಿಗೆ ಸಿಕ್ಕಿ ಮರದೆಲೆಯ ಮೇಲೆ ಬೀಳುತ್ತದೆ. ಯಾವ ಹನಿ ಎಲ್ಲಿಗೆ ಹೋದೀತೆಂದು ಯಾವ ಗಣಿತಜ್ಞನೂ ಹೇಳಲಾರ. ಆದರೂ ಜಲಪಾತ ಅದೇ ಜಲಪಾತ. ಬಲಬದಿಯ ಸೀಳು, ನಡುವಿನ ದಪ್ಪ ಧಾರೆ, ಕೆಳಗೆ ಎದ್ದು ಬಾಗುವ ಮಂಜಿನ ಆಕಾರ, ಯಾವುದೂ ಬದಲಾಗುವುದಿಲ್ಲ. ಒಳಗಿರುವ ನೀರು ಕ್ಷಣಕ್ಷಣಕ್ಕೂ ಹೊಸದು, ರೂಪ ಮಾತ್ರ ಹಳೆಯದು. ಆ ರೂಪವನ್ನು ಹಿಡಿದಿರುವುದು ಬಂಡೆ ಮಾತ್ರವಲ್ಲ, ನಿಲ್ಲದ ಆ ಬೀಳುವಿಕೆಯೂ ಹೌದು. ನೀರನ್ನು ಒಂದು ಗಳಿಗೆ ನಿಲ್ಲಿಸಿದರೆ ಉಳಿಯುವುದು ಒದ್ದೆ ಕಲ್ಲು. ಮೊದಲ ಪಾಠ ಇಲ್ಲೇ ಸಿಕ್ಕಿತು: ಕೆಲವು ಆಕಾರಗಳು ನಿಂತಿರುವುದೇ ಒಳಗಿನ ಚಲನೆಯಿಂದ.

ದೇವಿಮನೆ ಘಟ್ಟ ಇಳಿದು ಕುಮಟೆಯ ಕಡೆ ಬಂದರೆ ಗಾಳಿಯೇ ಬೇರೆ. ಮೈಗೆ ಅಂಟುವ ಸೆಕೆ, ತೆಂಗಿನ ಸಾಲು, ಕೆಂಪು ಚಿರೆಕಲ್ಲಿನ ಗೋಡೆಗಳು. ಬೆಳಗಿನ ಜಾವ ಉಪ್ಪಿನಪಟ್ಟಣದ ದಂಡೆಗೆ ಬಂದಾಗ ನದಿ ಕದಲದಂತೆ ಕಾಣುತ್ತಿತ್ತು. ಅಂಬಿಗರ ಹಿರಿಯರೊಬ್ಬರು ದೋಣಿ ತಂದು ನಿಲ್ಲಿಸಿದರು. ಕೂಡಲೇ ಹೊರಡೋಣವೇ ಎಂದು ಕೇಳಿದೆ. ಅವರು ನೀರನ್ನು ನೋಡಿ ತಲೆಯಾಡಿಸಿದರು. "ಈಗ ನೀರು ಮೇಲೆ ಹತ್ತೂದು ತಮ್ಮಾ. ಅದು ತಿರುಗಲಿ. ಇಳಿತದ ಸಂಗಡ ಹೋದ್ರೆ ಹುಟ್ಟು ಹಾಕೂ ಕೆಲಸ ಅರ್ಧ ಆಗ್ತದೆ."

ನೀರು ಮೇಲೆ ಹತ್ತುವುದನ್ನು ಕಂಡದ್ದು ಆಗ. ಯಾರೋ ಕಡಿದು ಎಸೆದ ಹಸಿರು ಕೊಂಬೆಯೊಂದು ನದಿಯ ನಡುವೆ ತೇಲುತ್ತಿತ್ತು. ಅದು ಕಡಲಿನ ಕಡೆ ಹೋಗುತ್ತಿರಲಿಲ್ಲ. ನಿಧಾನವಾಗಿ, ತಾನು ಬಂದ ಘಟ್ಟದ ದಿಕ್ಕಿಗೇ ಹಿಂದಿರುಗುತ್ತಿತ್ತು. ಕಡಲಿನಿಂದ ಇಷ್ಟು ಒಳಗೆ, ಅಡಿಕೆ ತೋಟಗಳ ನೆರಳಿನಲ್ಲಿ, ಚಂದ್ರನ ಎಳೆತ ಒಂದು ಹೊಳೆಯನ್ನೇ ಹಿಮ್ಮೊಗ ತಿರುಗಿಸಿತ್ತು. ನಾನು ಮಾತಿಲ್ಲದೆ ನೋಡುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಕೊಂಬೆ ನಿಂತಿತು. ಅದು ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತ ಆ ಗಳಿಗೆಯಲ್ಲಿ ಇಡೀ ಹೊಳೆ ಉಸಿರು ಹಿಡಿದಂತಿತ್ತು. ಆಮೇಲೆ ಅದು ಕಡಲಿನತ್ತ ಮುಖ ಮಾಡಿತು. "ಈಗ ಹತ್ತಿ" ಎಂದರು ಅಂಬಿಗರು.

ಅವರ ಬಳಿ ಗಡಿಯಾರವಿರಲಿಲ್ಲ. "ದಿನಾ ಎರಡು ಘಳಿಗೆ ಹಿಂದೆ ಬೀಳ್ತದೆ, ಅಷ್ಟೇ ಲೆಕ್ಕ" ಎಂದರು. ಒಂದು ಘಳಿಗೆ ಎಂದರೆ 24 ನಿಮಿಷ. ಎರಡು ಉಬ್ಬರಗಳ ನಡುವೆ ಸರಾಸರಿ 12 ಗಂಟೆ 25 ನಿಮಿಷ. ಆದ್ದರಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತುಸು ಮುಂದೆ ಸರಿದಿರುತ್ತಾನೆ, ಅವನನ್ನು ಮತ್ತೆ ಎದುರಿಗೆ ತಂದುಕೊಳ್ಳಲು ಬೇಕಾಗುವ ಹೊತ್ತು ಅದು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸೂರ್ಯ ಚಂದ್ರರ ಎಳೆತ ಒಂದೇ ಸಾಲಿನಲ್ಲಿ ಕೂಡಿ ಉಬ್ಬರ ದೊಡ್ಡದಾಗುತ್ತದೆ, ಅಷ್ಟಮಿಯ ಸುಮಾರಿಗೆ ಸಣ್ಣದಾಗುತ್ತದೆ. ಚಂದ್ರನ ಪಥದ ವಾಲಿಕೆ 18.6 ವರ್ಷಗಳಿಗೊಮ್ಮೆ ಸುತ್ತಿ ಬರುವ ನಿಧಾನದ ಲಯವೂ ಅದರೊಳಗೆ ಬೆರೆತಿದೆ. ಹೀಗೆ ಹಲವು ಲಯಗಳನ್ನು ಒಟ್ಟುಗೂಡಿಸಿ ಉಬ್ಬರವನ್ನು ಮುಂಗಾಣುವ ಯಂತ್ರವನ್ನು ಲಾರ್ಡ್ ಕೆಲ್ವಿನ್ 1870ರ ದಶಕದ ಆರಂಭದಲ್ಲಿ ರೂಪಿಸಿದರು. ಭಾರತದ ಬಂದರುಗಳಿಗೆಂದೇ ಎಡ್ವರ್ಡ್ ರಾಬರ್ಟ್ಸ್ ಅಂಥದ್ದೊಂದು ಹಿತ್ತಾಳೆ ಯಂತ್ರವನ್ನು 1879ರಲ್ಲಿ ಸಿದ್ಧಪಡಿಸಿದರು. ಗಾಲಿಗಳನ್ನು ತಿರುಗಿಸುತ್ತ ಹೋದರೆ ವರ್ಷವಿಡೀ ಬರಲಿರುವ ಉಬ್ಬರ ಇಳಿತಗಳು ಕಾಗದದ ಮೇಲೆ ಗೆರೆಯಾಗಿ ಬರುತ್ತಿದ್ದವು. ಯಂತ್ರಕ್ಕೆ ಗಾಲಿಗಳು ಬೇಕಾದವು, ಅಂಬಿಗರಿಗೆ ಎರಡು ಘಳಿಗೆ ಸಾಕು. ಎರಡೂ ಓದುತ್ತಿರುವುದು ಒಂದೇ ಆಕಾಶವನ್ನು.

ಇಷ್ಟು ಕರಾರುವಾಕ್ಕಾದ ಕ್ರಮ ಜಗತ್ತಿನಲ್ಲಿ ಅಪರೂಪ. ಅದೇ ಹೊಳೆಯಲ್ಲಿ ಅದರ ಎದುರಿಗೆ ನಿಂತಿರುವುದು ಮಳೆ. ಮುಂದಿನ ವರ್ಷದ ಇದೇ ದಿನ ಉಬ್ಬರ ಎಷ್ಟು ಹೊತ್ತಿಗೆಂದು ಇಂದೇ ಹೇಳಬಹುದು. ಆದರೆ ಮುಂದಿನ ಆಷಾಢದಲ್ಲಿ ಯಾವ ದಿನ ಘಟ್ಟದ ಮೇಲೆ ಮೋಡ ಒಡೆಯುತ್ತದೆಂದು ಹೇಳಲು ಬರುವುದಿಲ್ಲ. 1961ರ ಚಳಿಗಾಲದಲ್ಲಿ ಎಡ್ವರ್ಡ್ ಲೊರೆಂಜ್ ಅಮೆರಿಕದಲ್ಲಿ ಹವಾಮಾನದ ಒಂದು ಪುಟ್ಟ ಮಾದರಿಯನ್ನು ಕಂಪ್ಯೂಟರಿಗೆ ಎರಡನೆಯ ಸಲ ಉಣಿಸುವಾಗ 0.506127 ಎಂಬ ಸಂಖ್ಯೆಯನ್ನು 0.506 ಎಂದು ಮೊಟಕು ಮಾಡಿದರು. ಅಷ್ಟು ಸಣ್ಣ ಅಂತರ ಬೆಳೆಬೆಳೆದು ಕೊನೆಗೆ ಪೂರ್ತಿ ಬೇರೆಯದೇ ಹವಾಮಾನವನ್ನು ಬರೆದು ತೋರಿಸಿತು. 1963ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಮುಂದೆ ಕೇಯಾಸ್, ಅಂದರೆ ಕ್ಷೋಭೆಯ ಸಿದ್ಧಾಂತ ಬೆಳೆಯಿತು. ಅಲ್ಲಿ ನಿಯಮಗಳಿಗೆ ಕೊರತೆಯಿಲ್ಲ, ಪ್ರತಿ ಹೆಜ್ಜೆಯೂ ನಿಯಮದಂತೆಯೇ ಇಡಲ್ಪಡುತ್ತದೆ. ಆದರೂ ಮುಂದೆ ಎಲ್ಲಿಗೆ ಹೋಗಿ ತಲುಪುತ್ತದೆಂದು ದೂರದಿಂದ ಕಾಣುವುದಿಲ್ಲ. ಹಾಗಾದರೆ ಅಘನಾಶಿನಿಯ ಅಳಿವೆ ಎರಡು ಬಗೆಯ ಕಾಲದ ನಡುವೆ ಬದುಕುತ್ತಿದೆ. ಕಡಲಿನ ಕಡೆಯಿಂದ ತಪ್ಪದ ಕಾಲ, ಘಟ್ಟದ ಕಡೆಯಿಂದ ಊಹೆಗೆ ಸಿಗದ ಕಾಲ.

ದೋಣಿ ಮಿರ್ಜಾನಿನ ಹತ್ತಿರ ಬಂತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಕೋಟೆ ಇಲ್ಲಿದೆ. ನನ್ನ ಕಣ್ಣು ಮಾತ್ರ ನೀರಿನಲ್ಲೇ ಇತ್ತು. ಅಂಬಿಗರು ಬೊಗಸೆಯಲ್ಲಿ ಎತ್ತಿಕೊಟ್ಟ ಮೇಲ್ಮೈ ನೀರು ನಾಲಿಗೆಗೆ ಅಷ್ಟೇನೂ ಉಪ್ಪಾಗಿರಲಿಲ್ಲ. ಆಮೇಲೆ ಅವರು ಕಲ್ಲು ಕಟ್ಟಿದ ಬಾಟಲಿಯನ್ನು ಹಗ್ಗದಲ್ಲಿ ಕೆಳಗೆ ಬಿಟ್ಟು, ಬಿರಡೆಯ ದಾರ ಎಳೆದು, ಮೇಲೆತ್ತಿ ತೋರಿಸಿದರು. ಅದು ಕಡಲಿನ ಉಪ್ಪು. ಸಮುದ್ರದ ನೀರು ತೂಕದ್ದು. ಹೊಳೆಯ ನೀರಿನಡಿ ನುಸುಳಿಕೊಂಡು ತಳದಲ್ಲಿ ಒಳಗೆ ಬರುತ್ತದೆ. ನಾವು ತೇಲುತ್ತಿದ್ದ ಒಂದೇ ಹೊಳೆಯಲ್ಲಿ ಎರಡು ಹೊಳೆಗಳು ಮೇಲೆ ಕೆಳಗೆ ಹರಿಯುತ್ತಿದ್ದವು. ಇವೆರಡು ತಿಕ್ಕಾಡುವಲ್ಲಿ ಸುಳಿಗಳೆದ್ದು, ಸುಳಿಗಳು ಮರಿಸುಳಿಗಳಾಗಿ ಒಡೆದು, ಉಪ್ಪು ಸಿಹಿ ಬೆರೆಯುತ್ತವೆ. ಮಳೆಗಾಲದಲ್ಲಿ ಸಿಹಿನೀರಿನ ಮೇಲುಗೈ, ಅಳಿವೆಯ ಬಾಯಿಯವರೆಗೂ ಹೊಳೆಯದೇ ರಾಜ್ಯ. ಬೇಸಿಗೆಯಲ್ಲಿ ಉಪ್ಪು ಬಹುದೂರ ಒಳಗೆ ಬರುತ್ತದೆ.

ಈ ತಿಕ್ಕಾಟದಲ್ಲಿ ಒಂದು ನಿರ್ಮಾಣ ನಡೆಯುತ್ತದೆ. ಘಟ್ಟದ ಜೇಡಿಮಣ್ಣಿನ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಉಪ್ಪು ತಾಗಿದ ಕೂಡಲೇ ಆ ತಳ್ಳಾಟ ಸೋತು, ಕಣಕ್ಕೆ ಕಣ ಅಂಟಿ, ಭಾರವಾಗಿ ತಳಕ್ಕಿಳಿಯುತ್ತವೆ. ಹಾಗೆ ಕೂಡಿಬಿದ್ದ ಕೆಸರೇ ದಂಡೆ, ದಿಬ್ಬ, ಕುದ್ರು. ಆ ಕೆಸರಿನಲ್ಲಿ ಕಾಂಡ್ಲಗಿಡ ಬೇರೂರುತ್ತದೆ. ಕಾಂಡ್ಲದ ಬೀಜ ಮರದ ಮೇಲೆಯೇ ಮೊಳೆತು, ಕೋಡಿನಂತೆ ಉದ್ದವಾಗಿ ತೂಗಿ, ಬಿದ್ದಲ್ಲಿ ನೆಟ್ಟುಕೊಳ್ಳಲು ಸಿದ್ಧವಾಗಿರುತ್ತದೆ. ಉಪ್ಪಟ್ಟಿ ಮರ ಬೇರಿನ ತುದಿಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿ ಗಾಳಿ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಎಲೆಯಿಂದ ಹೊರಹಾಕುತ್ತದೆ. ಬೇರುಗಳ ಬುಡದಲ್ಲಿ ಒಂಟಿ ಕೊಂಬಿನ ಏಡಿಗಳು ಕೆಂಪು ಕೊಂಬು ಬೀಸುತ್ತ ಓಡಾಡುತ್ತಿದ್ದವು. ಇಂಥ ಏಡಿಗಳನ್ನು ಪ್ರಯೋಗಾಲಯಕ್ಕೆ ಒಯ್ದು, ಉಬ್ಬರವೂ ಇಲ್ಲದ ಇಳಿತವೂ ಇಲ್ಲದ ತೊಟ್ಟಿಯಲ್ಲಿಟ್ಟರೂ ಅವು ಹೊರಬಂದು ಮೇಯುವ ಹೊತ್ತು ಕಡಲಿನ ಲಯವನ್ನೇ ಹಿಡಿದಿರುತ್ತದೆ. ಚಂದ್ರನ ಲೆಕ್ಕ ಅವುಗಳ ಮೈಯೊಳಗೇ ಇದೆ.

ಏಡಿ, ಮೀನು, ಸಿಗಡಿ, ಬಳಚು ಎಂಬ ಚಿಪ್ಪುಜೀವಿ, ಬೆಳ್ಳಕ್ಕಿ, ಗರುಡ, ಹೀಗೆ ಕಣ್ಣಿಗೆ ಕಾಣುವ ಎಲ್ಲದರ ಕೆಳಗೆ ಕಾಣದ ಒಂದು ಲೋಕವಿದೆ. ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಮತ್ತು ಅವನ್ನು ಮೇಯುವ ಸೂಕ್ಷ್ಮ ಪ್ರಾಣಿಗಳು. ಅಳಿವೆಯ ಅನ್ನದ ಬಹುಭಾಗ ಹುಟ್ಟುವುದು ಅಲ್ಲಿ. 1961ರಲ್ಲಿ ಜೀವವಿಜ್ಞಾನಿ ಜಿ. ಈವ್ಲಿನ್ ಹಚಿನ್ಸನ್ ಇವುಗಳ ಬಗ್ಗೆ ಒಂದು ಒಗಟನ್ನು ಮುಂದಿಟ್ಟರು. ಬೆಳಕು, ಸಾರಜನಕ, ರಂಜಕ ಎಂದು ಬೆರಳೆಣಿಕೆಯ ವಸ್ತುಗಳಿಗಾಗಿ ಎಲ್ಲ ಸಸ್ಯಪ್ಲವಕಗಳೂ ಪೈಪೋಟಿ ಮಾಡುತ್ತವೆ. ಪೈಪೋಟಿಯ ನಿಯಮದಂತೆ ಚತುರವಾದ ಕೆಲವೇ ಜಾತಿಗಳು ಗೆದ್ದು ಉಳಿದವು ಅಳಿಯಬೇಕು. ಆದರೆ ಒಂದೇ ನೀರಿನಲ್ಲಿ ಹತ್ತಾರು, ನೂರಾರು ಜಾತಿಗಳು ಕೂಡಿ ಬದುಕುತ್ತವೆ. ಹೇಗೆ?

ಉತ್ತರದ ಒಂದು ಭಾಗ ಬಾಲ್ಟಿಕ್ ಸಮುದ್ರದ ನೀರಿನಿಂದ ಬಂತು. ಜರ್ಮನಿಯ ರೈನ್‌ಹಾರ್ಡ್ ಹೀರ್ಕ್‌ಲಾಸ್ ಆ ಕಡಲಿನ ನೀರನ್ನು ಅದರಲ್ಲಿದ್ದ ಜೀವಿಗಳ ಸಮೇತ ಪ್ರಯೋಗಾಲಯಕ್ಕೆ ತಂದರು. ಬೆಳಕು, ಉಷ್ಣತೆ, ಉಪ್ಪು ಯಾವುದೂ ಬದಲಾಗದಂತೆ ನೋಡಿಕೊಂಡು, ವಾರಕ್ಕೆ ಎರಡು ಸಲ ಎಣಿಸುತ್ತ, 2,300ಕ್ಕೂ ಹೆಚ್ಚು ದಿನ ಕಾದರು. ಹೊರಗಿನ ಗಾಳಿ ಮಳೆಗಳ ಸೋಂಕು ಇಲ್ಲದ ಮೇಲೆ ಎಲ್ಲವೂ ಒಂದು ಹದಕ್ಕೆ ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಂದು ಜಾತಿ ಉಕ್ಕಿ ಬಂತು, ಕುಸಿಯಿತು, ಅದರ ಜಾಗಕ್ಕೆ ಇನ್ನೊಂದು ಬಂತು, ಹಳೆಯದು ಮತ್ತೆ ತಲೆಯೆತ್ತಿತು, ಒಮ್ಮೆ ಬಂದ ಸರದಿ ಹಾಗೆಯೇ ಮತ್ತೆ ಬರಲಿಲ್ಲ. ಎಲೀಸಾ ಬೆನಿಂಕಾ, ಯೆಫ್ ಹೌಸ್ಮನ್ ಮತ್ತು ಸಂಗಡಿಗರು ಆ ಎಣಿಕೆಗಳನ್ನು ವಿಶ್ಲೇಷಿಸಿ 2008ರಲ್ಲಿ ಪ್ರಕಟಿಸಿದರು. ಅದು ಅಳತೆಗೆ ಸಿಕ್ಕ ನಿಜವಾದ ಕೇಯಾಸ್. ಯಾವ ಜಾತಿ ಮೇಲುಗೈ ಸಾಧಿಸುತ್ತದೆಂದು 15ರಿಂದ 30 ದಿನಗಳಾಚೆ ಹೇಳಲಾಗದು. ಆ ಏರಿಳಿತದ ನಡುವೆಯೂ ಇಡೀ ಆಹಾರಜಾಲ ವರ್ಷಗಟ್ಟಲೆ ಜೀವಂತವಾಗಿತ್ತು. ಹೌಸ್ಮನ್ ಅವರೂ ಫ್ರಾನ್ಸ್ ವೈಸಿಂಗ್ ಅವರೂ 1999ರಲ್ಲೇ ಗಣಿತದಿಂದ ತೋರಿಸಿದ್ದುದು ಇದನ್ನೇ: ಯಾರಿಗೂ ಪೂರ್ತಿ ಗೆಲ್ಲಲು ಪುರಸೊತ್ತು ಕೊಡದ ಕ್ಷೋಭೆಯಿಂದಲೇ ಹಲವರು ಉಳಿಯುತ್ತಾರೆ.

ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು. ಅಘನಾಶಿನಿಯ ಮೇಲೆ ತೇಲುತ್ತ ಅದನ್ನು ನೆನೆದಾಗ ಕೈಯನ್ನು ನೀರಿಗೆ ಇಳಿಬಿಟ್ಟೆ. ಬೊಗಸೆಯಷ್ಟು ನೀರಿನಲ್ಲಿ ಎಷ್ಟು ಏಳುಬೀಳುಗಳು ನಡೆಯುತ್ತಿರಬಹುದು! ಅಲ್ಲಿ ಇಂದು ಹೆಚ್ಚಿರುವವರು ಬರುವ ಹುಣ್ಣಿಮೆಗೆ ಕಡಿಮೆಯಾಗಿರಬಹುದು. ಆ ಕಾರಣಕ್ಕೇ ಇಲ್ಲಿ ಮೀನಿನ ಮರಿಗೂ ಸಿಗಡಿಗೂ ಬಳಚಿಗೂ ತಿನ್ನಲು ಏನಾದರೊಂದು ಇದ್ದೇ ಇರುತ್ತದೆ.

ರಾತ್ರಿ ತಂಗಿದ ಊರಿನಲ್ಲಿ ತಾಳಮದ್ದಲೆಯ ಸದ್ದು ಕೇಳಿ ಹೋಗಿ ಕುಳಿತೆ. ಈ ಸೀಮೆಗೆ ಯಕ್ಷಗಾನ ಉಸಿರು. ಪ್ರಸಂಗದ ಪದ್ಯ ಬರೆದಿಟ್ಟದ್ದು, ಭಾಗವತರ ತಾಳ ಅಲುಗುವುದಿಲ್ಲ, ಕತೆಯ ಕೊನೆಯೂ ಎಲ್ಲರಿಗೂ ಗೊತ್ತು. ಆದರೆ ಪದ್ಯ ಮುಗಿದ ಮೇಲೆ ಅರ್ಥಧಾರಿ ಆಡುವ ಮಾತು ಬರೆದಿಟ್ಟದ್ದಲ್ಲ. ಎದುರಾಳಿ ಎಸೆಯುವ ಪ್ರಶ್ನೆ ಅವನಿಗೆ ಮೊದಲೇ ತಿಳಿದಿರುವುದಿಲ್ಲ. ಒಂದು ಕೊಂಕು ಮಾತಿಗೆ ಇಡೀ ರಾತ್ರಿಯ ವಾದ ಬೇರೆ ದಿಕ್ಕು ಹಿಡಿಯುತ್ತದೆ. ಒಮ್ಮೆ ನಡೆದ ಕೂಟ ಇನ್ನೊಮ್ಮೆ ನಡೆಯದು, ಆದರೂ ಪ್ರಸಂಗ ಅದೇ ಪ್ರಸಂಗ. ತಾಳ ತಪ್ಪಿದರೆ ಅದು ಬರಿಯ ಜಗಳ. ಮಾತನ್ನು ಬರೆದು ಕೊಟ್ಟರೆ ಬರಿಯ ಒಪ್ಪಿಸುವಿಕೆ. ಅಳಿವೆಯಲ್ಲಿ ಚಂದ್ರ ತಾಳ ಹಾಕುತ್ತಾನೆ, ಜೀವಗಳು ಅರ್ಥ ಹೇಳುತ್ತವೆ. ಕ್ರಮ ಮತ್ತು ಕ್ಷೋಭೆಯನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ಸಮತೂಕ ನೋಡುವ ನನ್ನ ಯೋಚನೆ ಆ ರಾತ್ರಿ ಬದಲಾಯಿತು. ಅವು ಒಂದನ್ನೊಂದು ತೂಗುತ್ತಿಲ್ಲ. ಒಂದು ಕಾಲದ ಚೌಕಟ್ಟು ಹಾಕುತ್ತದೆ, ಇನ್ನೊಂದು ಅದರೊಳಗೆ ಬದುಕು ತುಂಬುತ್ತದೆ.

ಮರುದಿನ ಮಾಣಿಕಟ್ಟಾ ಗಜನಿಗೆ ಹೋದಾಗ ಅದೇ ಮಾತನ್ನು ಮನುಷ್ಯರು ಮಣ್ಣಿನಲ್ಲಿ ಬರೆದಿಟ್ಟಿರುವುದನ್ನು ಕಂಡೆ. ಉಬ್ಬರದ ನೀರು ನುಗ್ಗುವ ತಗ್ಗುಭೂಮಿಗೆ ಇಲ್ಲಿ ಗಜನಿ ಎನ್ನುತ್ತಾರೆ. ಸುತ್ತ ಮಣ್ಣಿನ ಕಟ್ಟು, ಕಟ್ಟಿನಲ್ಲಿ ಹಲಗೆಯ ಬಾಗಿಲು. ಜೂನ್ ತಿಂಗಳಲ್ಲಿ ಮಳೆ ಹಿಡಿದು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆಯೊಡೆದ ಕಗ್ಗದ ಬೀಜ ಬಿತ್ತುತ್ತಾರೆ. ಕಗ್ಗ ಉಪ್ಪನ್ನು ಸಹಿಸುವ ಭತ್ತ. ನೆರೆಯಲ್ಲಿ ಒಂದಷ್ಟು ದಿನ ಮುಳುಗಿದರೂ ಸಾಯುವುದಿಲ್ಲ. ಗೊಬ್ಬರ ಹಾಕುವುದಿಲ್ಲ, ಔಷಧಿ ಹೊಡೆಯುವುದಿಲ್ಲ. ನಾನು ಹೋದಾಗ ಮೊಣಕಾಲುಮಟ್ಟದ ನೀರಿನಲ್ಲಿ ನಿಂತು ತೆನೆ ಕೊಯ್ಯುತ್ತಿದ್ದರು. ಕಣ್ಣು ಹಾಯುವಷ್ಟು ದೂರ ಒಂದೇ ಬಯಲು, ಗದ್ದೆ ಗದ್ದೆಯ ನಡುವೆ ಎತ್ತರದ ಬದುಗಳಿಲ್ಲ.

ಹಾಲಕ್ಕಿ ಅಜ್ಜಿಯೊಬ್ಬರು ಕೊರಳ ತುಂಬ ಕರಿಮಣಿ ಸರ ಹಾಕಿಕೊಂಡು ಕಟ್ಟಿನ ಮೇಲೆ ಕುಳಿತಿದ್ದರು. ಕೊಯ್ದ ಮೇಲೆ ಉಳಿದ ಹುಲ್ಲನ್ನು ಏನು ಮಾಡುತ್ತೀರಿ ಎಂದು ಕೇಳಿದೆ. "ಅದು ಅಲ್ಲೇ ಕೊಳೀತದೆ ಮಗಾ. ಬಾಗಿಲು ತೆಗೆದ್ರೆ ಉಪ್ಪುನೀರು ಬರ್ತದೆ, ಸಿಗಡಿ ಬರ್ತದೆ, ಮೀನು ಬರ್ತದೆ. ಅವು ತಿಂದು ಬೆಳೀತವೆ" ಎಂದರು. ಮುಂದಿನ ಮಳೆಗಾಲದವರೆಗೆ ಅದೇ ಭೂಮಿ ಮೀನಿನ ಮನೆ. ಕೊಳೆತ ಹುಲ್ಲು ಮೀನಿಗೆ, ಮೀನಿನ ಹೊಲಸು ಮತ್ತು ಹೊಳೆ ತಂದ ಹೂಳು ಭತ್ತಕ್ಕೆ. ಉಬ್ಬರಕ್ಕೆ ಪೂರ್ತಿ ಅಡ್ಡಗಟ್ಟಲೂ ಇಲ್ಲ, ಪೂರ್ತಿ ಶರಣಾಗಲೂ ಇಲ್ಲ. ಯಾವಾಗ ಬಾಗಿಲು ಮುಚ್ಚಬೇಕು, ಯಾವಾಗ ತೆರೆಯಬೇಕು ಎಂಬ ಒಂದೇ ತಿಳಿವಳಿಕೆಯಿಂದ ಕಡಲನ್ನೂ ಮಳೆಯನ್ನೂ ಒಂದೇ ಗದ್ದೆಯಲ್ಲಿ ದುಡಿಸಿಕೊಂಡಿದ್ದಾರೆ. ಒಬ್ಬರೇ ಬಾಗಿಲು ತೆರೆಯುವಂತಿಲ್ಲ, ಒಬ್ಬರೇ ಕಟ್ಟು ಕಟ್ಟುವಂತಿಲ್ಲ. ಆದ್ದರಿಂದ ಊರೂ ಕೂಡಿಯೇ ಬದುಕಬೇಕಾಯಿತು.

ಈ ಹದ ಕೆಟ್ಟ ಕಾಲವೂ ಇದೆ. ಮಣ್ಣಿನ ಕಟ್ಟಿನ ಬದಲು ಕಲ್ಲು ಕಾಂಕ್ರೀಟಿನ ಕಾಯಂ ಕಟ್ಟುಗಳು ಬಂದ ಮೇಲೆ, ವರ್ಷ ವರ್ಷ ಕೂಡಿ ದುರಸ್ತಿ ಮಾಡುವ ರೂಢಿ ಹಲವು ಕಡೆ ಸಡಿಲವಾಯಿತು. ಆಮೇಲೆ ಸಿಗಡಿ ಕೃಷಿಯ ಹುಮ್ಮಸ್ಸು ಬಂತು. ಕೊಳದಲ್ಲಿ ಒಂದೇ ಜಾತಿ, ಒಂದೇ ವಯಸ್ಸು, ಅಳೆದು ಹಾಕುವ ಆಹಾರ. ಏರಿಳಿತವೇ ಇಲ್ಲದ ಅಚ್ಚುಕಟ್ಟು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗದ ವೈರಸ್ ಭಾರತದ ಕರಾವಳಿಗೆ ಬಂದಾಗ ಅಂಥ ಕೊಳಗಳು ಕೆಲವೇ ದಿನಗಳಲ್ಲಿ ಖಾಲಿಯಾದವು. ಒಂದು ಸಿಗಡಿಗೆ ಬಂದದ್ದು ಪಕ್ಕದ ಸಿಗಡಿಗೆ ದಾಟದಂತೆ ತಡೆಯಲು ನಡುವೆ ಬೇರೆ ಯಾವ ಜೀವವೂ ಇರಲಿಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಉದ್ಯಮಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ಕೊಟ್ಟಿತು. ಸಣ್ಣ ಏರಿಳಿತಗಳನ್ನೆಲ್ಲ ಹೊರಗಿಟ್ಟ ವ್ಯವಸ್ಥೆಗೆ ದೊಡ್ಡ ಪೆಟ್ಟನ್ನು ತಾಳುವ ಬಲವಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೇ?

ಅಳಿವೆಯ ಇನ್ನೊಂದು ಮಗ್ಗುಲಲ್ಲಿ ಸಾಣಿಕಟ್ಟಾದ ಉಪ್ಪಿನಾಗರಗಳಿವೆ. ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ಪಾತಿಗಳಲ್ಲಿ ಇನ್ನೂ ನೀರು ನಿಂತಿತ್ತು. ಬೇಸಿಗೆಯಲ್ಲಿ ಇಲ್ಲಿ ಕಡಲನೀರನ್ನು ಪಾತಿಯಿಂದ ಪಾತಿಗೆ ಹಾಯಿಸಿ ಬಿಸಿಲಿಗೆ ಇಂಗಿಸುತ್ತಾರೆ. ನೀರು ಗಟ್ಟಿಯಾಗುತ್ತ ಹೋಗಿ ಉಪ್ಪಿನ ಕಣಗಳು ಘನಾಕೃತಿಯಲ್ಲಿ ಹರಳುಗಟ್ಟುತ್ತವೆ. ಪ್ರತಿ ಹರಳಿನಲ್ಲೂ ಪರಮಾಣುಗಳದು ಗೆರೆ ತಪ್ಪದ ಸಾಲು. ಕ್ರಮದ ಪರಮಾವಧಿ ಅದು. ನೋಡಲು ಚೆಂದ, ನಾಲಿಗೆಗೆ ರುಚಿ. ಆದರೆ ಆ ಗಟ್ಟಿ ಉಪ್ಪುನೀರಿನಲ್ಲಿ ಬದುಕಬಲ್ಲ ಜೀವಿಗಳು ಬಹಳ ಕಡಿಮೆ. ಇತ್ತ ಆಷಾಢದ ಮಹಾಪೂರದ ನಡುನೀರಿನಲ್ಲಿಯೂ ನೆಲೆಯೂರುವುದು ಕಷ್ಟ. ಈ ಎರಡು ತುದಿಗಳ ನಡುವಿನ ಬಯಲಿನಲ್ಲಿ ಮಾತ್ರ, ನೀರು ದಿನಕ್ಕೆರಡು ಸಲ ಬಂದು ಹೋಗುವ ಕೆಸರಿನಲ್ಲಿ, ಜೀವ ಕಿಕ್ಕಿರಿದಿದೆ.

ಆ ಕಿಕ್ಕಿರಿದ ಕೆಸರನ್ನು ಅಘನಾಶಿನಿ ಊರಿನ ಮುಂದೆ ಇಳಿತದಲ್ಲಿ ನೋಡಿದೆ. ನೀರು ಸರಿದ ಕೂಡಲೇ ಹೊಳೆಯ ನಡುವೆ ದಿಬ್ಬಗಳು ಎದ್ದವು. ದೋಣಿಗಳಿಂದ ಇಳಿದ ಗಂಡಸರು ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕಾಲಿನಿಂದ ತಡವಿ, ಕೈಯಿಂದ ಬಾಚಿ ಬಳಚು ತೆಗೆದರು. ಯಾವ ದಿಬ್ಬದಲ್ಲಿ ಈ ಸಲ ಹೆಚ್ಚು ಸಿಗುತ್ತದೆ ಎಂದು ಕೇಳಿದರೆ ಒಬ್ಬಾಕೆ ನಕ್ಕು, "ಅದು ಹೇಳೂಕೆ ಬರೂದಿಲ್ಲ. ಹೋದ ವರ್ಷ ಇದ್ದಲ್ಲಿ ಈ ವರ್ಷ ಇಲ್ಲ. ಆದ್ರೆ ಹೊಳೆಯಲ್ಲಿ ಎಲ್ಲೋ ಒಂದು ಕಡೆ ಇರ್ತದೆ" ಎಂದರು. ಬಾಲ್ಟಿಕ್ ನೀರಿನ ಎಣಿಕೆಗಳಿಂದ ವಿಜ್ಞಾನಿಗಳು ಕಂಡುಕೊಂಡದ್ದನ್ನು ಆಕೆ ಬುಟ್ಟಿ ತೊಳೆಯುತ್ತ ಹೇಳಿಬಿಟ್ಟರು. ಮನೆಮಠ ನಡೆಸಲು ಅಷ್ಟು ಭರವಸೆ ಅವರಿಗೆ ಸಾಕಾಗಿದೆ. ಜಾಗದ ಖಾತ್ರಿ ಇಲ್ಲ, ಹೊಳೆಯ ಖಾತ್ರಿ ಇದೆ.

ಆ ಎರಡನೆಯ ಖಾತ್ರಿ ಉಳಿಯಬೇಕು. ಇದೇ ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಬಂದಿತ್ತು, ಜನರ ವಿರೋಧದ ನಡುವೆ ಅದನ್ನು ಕೈಬಿಡಲಾಯಿತು. 2024ರ ಜನವರಿ 31ರಂದು ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಅದು ನಮ್ಮೆಲ್ಲರ ಹೆಮ್ಮೆ. ಅದರ ಬೆನ್ನಿಗೇ ಹೊಳೆಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಮಾತೂ ನಡೆದಿದೆ. ಸಮುದ್ರ ಸೇರುವ ನೀರು ವ್ಯರ್ಥ ಎನ್ನುವವರು ಈ ಅಳಿವೆಯನ್ನು ಒಮ್ಮೆ ಉಬ್ಬರದಿಂದ ಇಳಿತದವರೆಗೆ ಕುಳಿತು ನೋಡಬೇಕು. ಘಟ್ಟದಿಂದ ಬರುವ ಆ ಲೆಕ್ಕವಿಲ್ಲದ ನೀರೇ ಗಜನಿಯ ಉಪ್ಪು ತೊಳೆಯುತ್ತದೆ, ಕೆಸರು ತರುತ್ತದೆ, ಪ್ಲವಕಕ್ಕೆ ಉಣಿಸುತ್ತದೆ, ಬಳಚಿನ ದಿಬ್ಬವನ್ನು ಅಲ್ಲಿಂದ ಇಲ್ಲಿಗೆ ಸರಿಸುತ್ತದೆ. ಅದನ್ನು ಕಟ್ಟಿ ಅಳೆದು ಬಿಟ್ಟರೆ ಚಂದ್ರ ತನ್ನ ಲೆಕ್ಕವನ್ನು ತಪ್ಪಿಸುವುದಿಲ್ಲ, ಉಬ್ಬರ ಎರಡು ಘಳಿಗೆ ತಡವಾಗಿ ಬಂದೇ ಬರುತ್ತದೆ. ಆದರೆ ಅದು ಬಂದು ಭೇಟಿಯಾಗಲು ಹೊಳೆಯೇ ಇರುವುದಿಲ್ಲ.

ನಾನು ಕೇಳಿಕೊಂಡು ಹೊರಟ ಪ್ರಶ್ನೆಗೆ ಈ ಹೊಳೆ ಕೊಟ್ಟ ಉತ್ತರ ಇಷ್ಟು: ನಿಯಮವನ್ನು ಆಕಾಶದಿಂದ ಪಡೆದುಕೊಂಡ ಲೋಕಕ್ಕೆ ಅನಿರೀಕ್ಷಿತದ ಭಯವಿಲ್ಲ, ಅದರಿಂದಲೇ ಅದು ಹೊಸ ಹೊಸ ಬದುಕುಗಳನ್ನು ಕಟ್ಟಿಕೊಳ್ಳುತ್ತದೆ. ಅಂಬಿಗರಿಗೂ ಗಜನಿಯ ಅಜ್ಜಿಗೂ ಬಳಚಿನ ಹೆಣ್ಣುಮಗಳಿಗೂ ಇದು ತಿಳಿದಿದೆ. ಅಣೆಕಟ್ಟಿನ ನಕ್ಷೆ ಬಿಡಿಸುವವರಿಗೂ ತಿಳಿಯಲಿ. ಕರ್ನಾಟಕದಲ್ಲಿ ಹೀಗೆ ಬಿಡುಬೀಸಾಗಿ ಹರಿಯುವ ಹೊಳೆಗಳು ಇನ್ನು ಹೆಚ್ಚು ಉಳಿದಿಲ್ಲ. ಇದೊಂದನ್ನು ಹರಿಯಲು ಬಿಡೋಣ.